ಎರಡು ನಡುಕಗಳ ನಡುವೆ

ನಮ್ಮ ಮನೆಯ ದೇವರ ಕೋಣೆಯ ಮೂಲೆಯಲ್ಲಿ ಒಂದು ಹಿತ್ತಾಳೆಯ ಕೊಡವಿರುವದು. ಅದರ ಹೊಟ್ಟೆಯ ಒಂದು ಮಗ್ಗುಲು ಅಂಗೈಯಗಲ ಒಳಕ್ಕೆ ತಗ್ಗಿದೆ. ಹಬ್ಬಹುಣ್ಣಿವೆಗಳಲ್ಲಿ ಉಳಿದ ಪಾತ್ರೆಗಳೊಡನೆ ಇದನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕುವರು. ಆದರೆ ಇದಕ್ಕೆ ನೀರು ತುಂಬುವವರಿಲ್ಲ. ತಗ್ಗನ್ನು ಬಡಿಸಿ ಸರಿಮಾಡಿಸೋಣವೆಂದು ನನ್ನ ಮನೆಯವರು ಎರಡು ಮೂರು ಸಲ ಅಂದುದುಂಟು. ನಮ್ಮ ಅವ್ವ ಬದುಕಿರುವವರೆಗೆ ಅದಕ್ಕೆ ಒಪ್ಪಲಿಲ್ಲ. ಆ ತಗ್ಗಿನ ಕಥೆಯನ್ನು ವಾಚಕರ ಮುಂದಿಡಬೇಕೆಂದು ಈ ಲೇಖನವನ್ನು ಬರೆಯತೊಡಗಿರುವೆನು. ಕಥೆಯು ಒಂದು ಮನೆಯದಾದರೂ ಅದರ ಬೇರು ನಮ್ಮ ಉಗಾರ ಖುರ್ದದಿಂದ ನೆಟ್ಟಗೆ ಸುಮಾರು ೧೪೦ ಕಿಲೋಮೀಟರ್ ದೂರದಲ್ಲಿರುವ ಸಹ್ಯಾದ್ರಿಯ ನೆಲದಾಳದಲ್ಲಿದೆ.

೧೯೬೭ನೆಯ ಇಸವಿಯ ಡಿಸೆಂಬರ್ ೧೧, ಸೋಮವಾರ. ಬೆಳಗಿನ ಜಾವದ ೪ ಗಂಟೆ ೨೧ ನಿಮಿಷ. ನನಗಾಗ ಏಳು ವರ್ಷ. ನನ್ನ ತಂಗಿಯು ನಾಲ್ಕು ತಿಂಗಳ ಕೂಸು. ಕಬ್ಬು ನುರಿಸುವ ಹಂಗಾಮು ನಡೆದಿದ್ದುದರಿಂದ ಅಪ್ಪನು ಸಕ್ಕರೆಯ ಕಾರ್ಖಾನೆಯಲ್ಲಿ ರಾತ್ರಿಯ ಪಾಳಿಗೆ ಹೋಗಿದ್ದನು. ಮನೆಯಲ್ಲಿ ಅವ್ವ, ನಮ್ಮ ಆಯಿ, ನಾವಿಬ್ಬರು ಮಕ್ಕಳು. ಕೂಸಿಗೆ ಹಾಲು ಕುಡಿಸಲು ಎದ್ದಿದ್ದ ಅವ್ವನಿಗೆ ಗೋಡೆಯ ಹಲಗೆಯ ಮೇಲಿನ ತಂಬಿಗೆಗಳು ಸಣ್ಣಗೆ ಕಟಕಟನೆ ಸದ್ದುಮಾಡಿದ್ದು ಕೇಳಿಸಿತು. ಕುಡಚಿಯ ಕಡೆಯ ಸೇತುವೆಯ ಮೇಲೆ ಸರಕಿನ ಬಂಡಿಯು ದಾಟುತ್ತಿರಬೇಕೆಂದು ಆಕೆಯು ಮೊದಲು ಎಣಿಸಿದಳಂತೆ. ಬಂಡಿಯ ಸದ್ದು ಕೇಳಿಬರದಿರಲು ಆಕೆಗೆ ಭಯವಾಯಿತು. ಹೊರಗೆ ಓಡಿದಳು. ತುಸು ಹೊತ್ತಿನಲ್ಲಿಯೇ ಎರಡನೆಯ ನಡುಕವು ಬಂದಿತು. ಅಂಗಳದ ಬೇವಿನ ಮರವು ಗಾಳಿಯಿಲ್ಲದೆ ತೂಗಿತು. ದನಗಳು ದಾವಣಿಯನ್ನು ಜಗ್ಗಾಡಿದವು. ಮಾಡಿನ ಹಂಚುಗಳು ಜಾರಿದವು. ಬೆಳಕು ಹರಿದ ಮೇಲೆ ಒಳಗೆ ಹೋಗಿ ನೋಡಲು, ಹಲಗೆಯ ಮೇಲಿದ್ದ ಹಿತ್ತಾಳೆಯ ಕೊಡವು ಕೆಳಗೆ ಬೀಸುಕಲ್ಲಿಗೆ ಬಡಿದು, ನಾನು ತಲೆಯಿಟ್ಟು ಮಲಗಿದ್ದ ದಿಂಬಿನ ಮೇಲೆ ಉರುಳಿ ಬಿದ್ದಿದ್ದಿತು.

ಆ ದಿನವೇ ಮಧ್ಯಾಹ್ನದೊಳಗಾಗಿ ಸುದ್ದಿಯು ಹಬ್ಬಿತು: ಕೊಯ್ನಾನಗರವು ಬಿದ್ದುಹೋಯಿತು. ೬.೩ ಪ್ರಮಾಣದ ಆ ಭೂಕಂಪದಲ್ಲಿ ಸುಮಾರು ೨೦೦ ಜನರು ಸತ್ತರು. ಅಲ್ಲಿಯ ಮನೆಗಳಲ್ಲಿ ನಿಂತವು ಕಡಿಮೆ. ೧೦೩ ಮೀಟರ್ ಎತ್ತರದ ಕೊಯ್ನಾ ಅಣೆಕಟ್ಟು ಬಿರುಕುಬಿಟ್ಟರೂ ನಿಂತುಕೊಂಡಿತು. ಮುಂದೆ ಅದನ್ನು ಬಲಪಡಿಸಿದರು. ಅದೊಂದು ವೇಳೆ ಒಡೆದಿದ್ದರೆ ಕೃಷ್ಣೆಯ ದಂಡೆಯ ನಮ್ಮಂಥ ಊರುಗಳ ಗತಿಯೇನಾಗುತ್ತಿತ್ತೆಂಬುದನ್ನು ಹಿರಿಯರು ಮೆಲ್ಲನೆಯ ದನಿಯಲ್ಲಿ ಮಾತಾಡಿಕೊಳ್ಳುತ್ತಿದ್ದುದು ನನಗೆ ನೆನಪಿದೆ.

ಅವ್ವನು ಈ ಕಥೆಯನ್ನು ನೂರು ಸಲ ಹೇಳಿದ್ದಾಳು. "ಕೂಸಿನ್ನ ಕಂಕುಳಾಗ, ಇಂವನ್ನ ಕೈಯಾಗ, ಇಬ್ಬರನ್ನೂ ಒಮ್ಮೆಲೇ ಎತಗೊಂಡ ಹೊರಗ ಬಿದ್ದೆ" ಎಂಬುದೇ ಅದರ ಮುಗಿತಾಯ. ಕೇಳಿದ ನೆಂಟರಿಷ್ಟರು ಆಕೆಯ ಎದೆಗಾರಿಕೆಯನ್ನು ಹೊಗಳುವರು. ಹೊಗಳಿದಾಗಲೆಲ್ಲ ಆಕೆಯು ಎದ್ದು ಅಡಿಗೆಯ ಮನೆಗೆ ಹೋಗುತ್ತಿದ್ದಳು. ಅದನ್ನು ನಾನು ನಾಚಿಕೆಯೆಂದು ತಿಳಿದಿದ್ದೆನು.

ಹೀಗೆ ೫೨ ವರ್ಷಗಳು ಕಳೆದವು. ೨೦೧೯ನೆಯ ಅಗಸ್ಟದಲ್ಲಿ ಕೃಷ್ಣೆಗೆ ಬಂದ ಮಹಾಪೂರವನ್ನು ಈ ಭಾಗದವರು ಮರೆತಿರಲಾರರು. ನೀರು ಊರಿನ ಅಂಚಿಗೇರಿದಾಗ ನಾವು ಅವ್ವನನ್ನು ಕರೆದುಕೊಂಡು ಅಥಣಿಯ ನೆಂಟರ ಮನೆಗೆ ಹೋಗಿದ್ದೆವು. ಮಳೆ, ಕತ್ತಲೆ, ಪರರ ಮನೆ, ನಿದ್ದೆ ಬಾರದು. ಹೊತ್ತುಹೊತ್ತಿಗೆ ಕೊಯ್ನೆಯಿಂದ ಎಷ್ಟು ಕ್ಯೂಸೆಕ್ಸ್ ನೀರು ಬಿಟ್ಟರೆಂಬ ಲೆಕ್ಕವನ್ನು ಹುಡುಗರು ಮೊಬೈಲಿನಲ್ಲಿ ನೋಡಿ ಹೇಳುತ್ತಿದ್ದರು. ಕೊಯ್ನೆಯ ಹೆಸರು ಕಿವಿಗೆ ಬಿದ್ದುದರಿಂದಲೋ ಏನೋ, ಅವ್ವನು ಒಮ್ಮೆಲೆ ಅಂದಳು:

"ತಮ್ಮಾ, ಅವತ್ತ ನಾ ಇಬ್ಬರನ್ನೂ ಎತಗೊಂಡಿರಲಿಲ್ಲೋ. ಕೂಸಿನ್ನ ಒಂದs ಎತಗೊಂಡು, ನಿಮ್ಮ ಆಯೀನ್ನ ಕರಕೊಂಡು ಹೊರಗ ಓಡಿದೆ. ನಿನ್ನ ಮರತಬಿಟ್ಟಿದ್ದೆ. ಅಂಗಳಕ್ಕ ಬಂದ ಮ್ಯಾಲೆ ನೆನಪಾತು. ತಿರುಗಿ ಹೋಗಿ ಕೌದಿ ಸಮೇತ ಎಳಕೊಂಡ ಬಂದೆ. ಇದನ್ನ ನಿಮ್ಮಪ್ಪಗೂ ಹೇಳಿಲ್ಲ."

ನನ್ನ ಬಾಯಿಂದ ಮಾತು ಹೊರಡಲಿಲ್ಲ. ಹಡೆದ ತಾಯಿಯು ಅರ್ಧ ಶತಮಾನ ಇಂಥ ಹೊರೆಯನ್ನು ಹೊತ್ತುಕೊಂಡು ತಿರುಗಿದ್ದಳೆಂಬುದೇ ನನಗೆ ದುಃಖಕರವಾಯಿತು. ನಾನು ವಿಜ್ಞಾನವನ್ನು ಕಲಿಸಿ ನಿವೃತ್ತನಾದ ಮಾಸ್ತರನು. ಸಮಾಧಾನದ ಬೇರೆ ಮಾತು ಬಾರದೆ, ಬಂದ ಮಾತನ್ನೇ ಆಡಿದೆನು. "ಅವ್ವಾ, ನಿನಗ ಹದಿನೇಳ ಸೆಕೆಂಡ ಇದ್ದವು. ಅಷ್ಟರಾಗ ನೀ ಮೂರ ಸಲ ಹೊಸ್ತಿಲಾ ದಾಟೀದಿ" ಎಂದೆನು.

ಈ ೧೭ ಸೆಕೆಂಡಿನ ಲೆಕ್ಕವೆಲ್ಲಿಯದೆಂದು ವಾಚಕರು ಕೇಳಬಹುದು. ಅದನ್ನು ತಿಳಿಸದೆ ಮುಂದಿನದು ತಿಳಿಯಲಾರದು.

ನೆಲದೊಳಗಿನ ಕಲ್ಲು ಥಟ್ಟನೆ ಜಾರಿದಾಗ ಅಲ್ಲಿಂದ ಎರಡು ಬಗೆಯ ಅಲೆಗಳು ಒಟ್ಟಿಗೇ ಹೊರಡುವವು. ಉಗಾರದ ನಿಲ್ದಾಣದಲ್ಲಿ ಸರಕಿನ ಡಬ್ಬಿಗಳ ಸಾಲಿಗೆ ಇಂಜಿನವು ಹಿಂದಿನಿಂದ ತಾಗಿದಾಗ ಆ ಒತ್ತು ಒಂದರಿಂದೊಂದಕ್ಕೆ ಢಣ್ ಢಣ್ ಎಂದು ಮುಂದಕ್ಕೆ ಓಡುವದನ್ನು ನೋಡಿದ್ದೀರಷ್ಟೆ. ಮೊದಲನೆಯ ಅಲೆಯು ಈ ತೆರದ್ದು. ಇದನ್ನು ಒತ್ತಲೆಯೆಂದು ಕರೆಯೋಣ. ಇನ್ನು ಹೊಳೆಯ ದಂಡೆಯಲ್ಲಿ ಇಬ್ಬರು ಹೆಣ್ಣುಮಕ್ಕಳು ಒಗೆದ ಸೀರೆಯ ಎರಡು ತುದಿಗಳನ್ನು ಹಿಡಿದು ಝಾಡಿಸುವಾಗ ಅರಿವೆಯು ಮೇಲೆಕೆಳಗೆ ಆಡುತ್ತ ಅಲೆಯು ಈ ಕೈಯಿಂದ ಆ ಕೈಗೆ ಹೋಗುವದು. ಎರಡನೆಯದು ಈ ಜಾತಿಯದು, ಇದು ಅಡ್ಡಲೆ. ಗಟ್ಟಿ ಕಲ್ಲಿನಲ್ಲಿ ಒತ್ತಲೆಯು ಸೆಕೆಂಡಿಗೆ ಸುಮಾರು ೬ ಕಿಲೋಮೀಟರ್ ಓಡಿದರೆ ಅಡ್ಡಲೆಯು ಸುಮಾರು ಮೂರೂವರೆ ಕಿಲೋಮೀಟರ್ ಓಡುವದು. ಕಾರಣ, ಕೊಯ್ನೆಯಿಂದ ಹೊರಟ ಒತ್ತಲೆಯು ಸುಮಾರು ೨೩ ಸೆಕೆಂಡಿನಲ್ಲಿ ಉಗಾರವನ್ನು ಮುಟ್ಟಿ ತಂಬಿಗೆಗಳನ್ನು ಕಟಗುಟ್ಟಿಸಿತು. ಅಡ್ಡಲೆಯು ಸುಮಾರು ೪೦ ಸೆಕೆಂಡಿಗೆ ಬಂದು ಕೊಡವನ್ನು ಕೆಡವಿತು. ನಡುವೆ ಉಳಿದದ್ದು ೧೭ ಸೆಕೆಂಡು. ಕೊಯ್ನಾನಗರದವರಿಗೆ ಇಷ್ಟು ಬಿಡುವು ದೊರೆಯಲಿಲ್ಲ. ಅವರು ಮೂಲದ ಬಳಿಯಲ್ಲಿಯೇ ಇದ್ದುದರಿಂದ ಎರಡೂ ಅಲೆಗಳು ಒಂದರ ಬೆನ್ನಿಗೊಂದು ಬಂದೆರಗಿದವು.

ಇದನ್ನೇ ಅವ್ವನಿಗೆ ಆಕೆಯ ಮಾತಿನಲ್ಲಿ ತಿಳಿಸಿದೆನು. ಆಕೆಯು ಬಹಳ ಹೊತ್ತು ಸುಮ್ಮನಿದ್ದಳು. ಬಳಿಕ, "ಹಾಂಗಾರ ಅವು ಎರಡ ಭೂಕಂಪ ಅಲ್ಲ. ಒಂದs ಮನಿಯಿಂದ ಹೊಂಟ ಇಬ್ಬರು. ಒಬ್ಬಾಂವ ಮುಂದ ಓಡಿ ಬಂದು ಹೇಳ್ಯಾನ, ಇನ್ನೊಬ್ಬಾಂವ ಬಂದು ಕೆಡವ್ಯಾನ" ಎಂದಳು. ನನ್ನ ಮೂವತ್ತು ವರ್ಷದ ಪಾಠದಲ್ಲಿ ಇಷ್ಟು ಚೆನ್ನಾಗಿ ಯಾವ ವಿದ್ಯಾರ್ಥಿಯೂ ಹೇಳಿದ್ದಿಲ್ಲ. ಆದರೆ ಆಕೆಯು ಅಲ್ಲಿಗೆ ಬಿಡಲಿಲ್ಲ. ಹೊರಗೆ ಮಳೆಯ ಸದ್ದಿನ ಕಡೆಗೆ ಮುಖಮಾಡಿ ಮತ್ತೆ ಕೇಳಿದಳು: "ಈ ಪೂರದ ನೀರೂ ಕೊಯ್ನಾದ್ದs ಅಂತೀರಿ. ನಮ್ಮ ಕಬ್ಬಿಗೆ ಬರೂದೂ ಅದs. ಅವತ್ತ ನೆಲಾ ನಡಗಿಸಿದ್ದೂ ಅದs ನೀರೇನು?"

ಆ ರಾತ್ರಿ ನಾನು ಕೊಟ್ಟದ್ದು ಅರ್ಧ ಉತ್ತರ. ಉಳಿದರ್ಧವನ್ನು ಓದಿ ತಿಳಿದುಕೊಂಡು ಹೇಳುವದರೊಳಗಾಗಿ, ೨೦೨೨ರಲ್ಲಿ, ಅವ್ವನು ತೀರಿಕೊಂಡಳು. ಈ ಲೇಖನವು ಒಂದರ್ಥದಲ್ಲಿ ಆ ಬಾಕಿಯನ್ನು ತೀರಿಸುವದೇ ಆಗಿದೆ.

ನೀರು ಅದೇ ಎಂಬುದರಲ್ಲಿ ಸಂದೇಹವಿಲ್ಲ. ಕೊಯ್ನೆಯ ಜಲಾಶಯವು ೧೯೬೨ರಿಂದ ತುಂಬತೊಡಗಿತು; ಇಂದು ಅದರಲ್ಲಿ ೧೦೫ ಟಿಎಂಸಿ ನೀರು ಹಿಡಿಯುವದು. ಅದರಲ್ಲಿ ದೊಡ್ಡ ಪಾಲು ಸುರಂಗಗಳಿಂದ ಪಡುವಲಿಗೆ ಇಳಿದು, ವಿದ್ಯುತ್ತನ್ನು ಕೊಟ್ಟು, ಕೊಂಕಣಕ್ಕೆ ಹೋಗುವದು. ಉಳಿದದ್ದು ಮೂಡಲಿಗೆ ಹರಿದು ಕರಾಡದಲ್ಲಿ ಕೃಷ್ಣೆಯನ್ನು ಕೂಡುವದು. ಸಾಂಗಲಿಯ ಬಳಿಯ ಹರಿಪುರದಲ್ಲಿ ವಾರಣೆಯೂ ನರಸೋಬವಾಡಿಯಲ್ಲಿ ಪಂಚಗಂಗೆಯೂ ಸೇರಿ, ಆ ಹೊಳೆಯೇ ನಮ್ಮ ಊರಿನ ಮುಂದೆ ಹಾಯುವದು. ಜಲಾಶಯವು ತುಂಬತೊಡಗಿದ ಮೇಲೆಯೇ ಆ ಭಾಗದಲ್ಲಿ ಸಣ್ಣ ಕಂಪಗಳು ಎದ್ದವು. ಐದು ವರ್ಷಗಳ ಬಳಿಕ ದೊಡ್ಡದು ಬಂದಿತು. ಜಲಾಶಯದಿಂದ ಪ್ರೇರಿತವಾದವೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿರುವ ಭೂಕಂಪಗಳಲ್ಲಿ ಜಗತ್ತಿನಲ್ಲಿಯೇ ದೊಡ್ಡದು ಇದು.

ಇಷ್ಟು ಕೇಳಿದೊಡನೆ, ಅಷ್ಟು ನೀರಿನ ಭಾರಕ್ಕೆ ನೆಲವು ಕುಸಿಯಿತೆಂದು ಯಾರಿಗಾದರೂ ತೋರುವದು. ನನಗೂ ಹಾಗೆಯೇ ತೋರಿತ್ತು. ಆದರೆ ಲೆಕ್ಕ ಹಾಕಿ ನೋಡಿರಿ. ೧೦೦ ಮೀಟರ್ ಆಳದ ನೀರು ತನ್ನ ತಳದ ಪ್ರತಿಯೊಂದು ಚದರ ಸೆಂಟಿಮೀಟರಿನ ಮೇಲೆ ಸುಮಾರು ೧೦ ಕಿಲೋಗ್ರಾಂ ಭಾರವನ್ನು ಹಾಕುವದು. ೫ ಕಿಲೋಮೀಟರ್ ಆಳದಲ್ಲಿರುವ ಕಲ್ಲಿನ ಅಷ್ಟೇ ಜಾಗದ ಮೇಲೆ ಮೇಲಿನ ಕಲ್ಲಿನ ಭಾರವೇ ಸುಮಾರು ೧೩೫೦ ಕಿಲೋಗ್ರಾಂ ಇರುವದು. ಎತ್ತಿನ ಗಾಡಿಯ ಹೇರಿನ ಮೇಲೆ ಒಂದು ಗುಬ್ಬಿಯು ಕುಳಿತಂತೆ. ಆದ್ದರಿಂದ ಕೇವಲ ಭಾರದ ಮಾತು ಇದನ್ನು ಪೂರ್ತಿಯಾಗಿ ವಿವರಿಸಲಾರದು; ನೀರು ಬೇರೊಂದು ಕೆಲಸವನ್ನೂ ಮಾಡುತ್ತಿರಬೇಕು.

ಆ ಕೆಲಸವೇನೆಂಬುದನ್ನು ನನಗೆ ತೋರಿಸಿದ್ದು ನಮ್ಮ ಅಡಿಗೆಯ ಮನೆ. ಒಂದು ಬೆಳಿಗ್ಗೆ ನನ್ನ ಮನೆಯವರು, "ಏನ್ರೀ, ಇಲ್ಲಿ ಬರ್ರಿ, ಈ ಲೋಟಾ ತಾನs ನಡದೈತಿ" ಎಂದು ಕರೆದರು. ಬಿಸಿನೀರಿನಲ್ಲಿ ತೊಳೆದ ಸ್ಟೀಲಿನ ಲೋಟವನ್ನು ಒದ್ದೆಯಾದ ಕಟ್ಟೆಯ ಮೇಲೆ ಬೋರಲಾಗಿ ಇಟ್ಟಿದ್ದರು. ಕಟ್ಟೆಗೆ ನೀರು ಹರಿದುಹೋಗಲು ತುಸುವೇ ಇಳಿಜಾರು ಉಂಟು. ಯಾರೂ ಮುಟ್ಟದೆ ಲೋಟವು ಸರ್ರನೆ ಗೇಣುದ್ದ ಜಾರಿತು. ಬೋರಲು ಲೋಟದೊಳಗೆ ಸಿಕ್ಕಿಕೊಂಡ ಗಾಳಿಯು ಬಿಸಿಗೆ ಹಿಗ್ಗಿ, ಕಂಠದ ಸುತ್ತಲಿನ ನೀರಿನ ಪೊರೆಯಿಂದ ಹೊರಬರಲಾರದೆ, ಲೋಟವನ್ನು ಒಳಗಿನಿಂದ ಮೇಲಕ್ಕೆ ಎತ್ತಿ ಹಿಡಿಯುವದು. ಲೋಟದ ತೂಕವು ಅಷ್ಟೇ ಇದ್ದರೂ ಕಟ್ಟೆಯ ಮೇಲೆ ಅದು ಊರುವ ಭಾರವು ಕಡಿಮೆಯಾಗಿ ಹಿಡಿತವು ಸಡಿಲುವದು. ೧೯೫೯ರಲ್ಲಿ ಹಬ್ಬರ್ಟ್ ಮತ್ತು ರೂಬಿ ಎಂಬ ಅಮೇರಿಕೆಯ ಇಬ್ಬರು ಭೂವಿಜ್ಞಾನಿಗಳು ಇದೇ ತತ್ವವನ್ನು ಒದ್ದೆ ಗಾಜಿನ ಮೇಲೆ ಬೋರಲಿಟ್ಟ ಪಾನೀಯದ ಖಾಲಿ ಡಬ್ಬಿಯೊಂದರಿಂದ ತೋರಿಸಿ, ದೊಡ್ಡ ದೊಡ್ಡ ಶಿಲಾಸ್ತರಗಳು ಜಾರುವ ಬಗೆಯನ್ನು ವಿವರಿಸಿದರು.

ಭೂಮಿಯೊಳಗೆ ಕಲ್ಲು ಸೀಳಿ, ಸೀಳಿನ ಎರಡು ಮಗ್ಗುಲುಗಳು ಒಂದರ ಮೇಲೊಂದು ಒತ್ತಿಕೊಂಡಿರುವ ಎಡೆಗಳಿವೆ. ಇವಕ್ಕೆ ಸ್ತರಭಂಗಗಳೆಂದು ಹೆಸರು. ನಮ್ಮ ಬೀಸುಕಲ್ಲನ್ನು ನೆನೆಯಿರಿ. ಮೇಲಿನ ಕಲ್ಲಿನ ಭಾರವೇ ಅದನ್ನು ಕೆಳಗಿನ ಕಲ್ಲಿಗೆ ಕಚ್ಚಿಸಿರುವದು. ಯಾರಾದರೂ ಮೇಲಿನದನ್ನು ಕೂದಲೆಳೆಯಷ್ಟು ಎತ್ತಿ ಹಿಡಿದರೆ ಗೂಟವನ್ನು ಮುಟ್ಟುತ್ತಲೇ ತಿರುಗುವದು. ಸ್ತರಭಂಗದ ಸಂದಿಯಲ್ಲಿರುವ ನೀರಿನ ಒತ್ತಡವು ಏರಿದಾಗ ಅದು ಹೀಗೆ ಎತ್ತಿ ಹಿಡಿಯುವ ಕೈಯಾಗುವದು. ಆದರೆ ತಿರುಗಿಸುವ ಬಲವು ನೀರಿನದಲ್ಲ. ಆ ಬಲವು ಭೂಮಿಯ ಸ್ವಂತದ್ದು. ಬಹುಕಾಲದಿಂದ ಕಲ್ಲಿನಲ್ಲಿ ಕೂಡಿಬಿದ್ದದ್ದು. ನೀರು ಅಗುಳಿಯನ್ನು ಸರಿಸುವದು, ಅಷ್ಟೇ. ಅದಕ್ಕೆಂದೇ ವಿದ್ವಾಂಸರು ಕೊಯ್ನೆಯದನ್ನು ಜಲಾಶಯವು ಹುಟ್ಟಿಸಿದ ಭೂಕಂಪವೆನ್ನದೆ ಪ್ರೇರಿಸಿದ ಭೂಕಂಪವೆನ್ನುವರು.

ಇದು ಬರಿಯ ಊಹೆಯಾಗಿ ಉಳಿಯಲಿಲ್ಲ. ಅಮೇರಿಕೆಯ ಡೆನ್ವರ್ ನಗರದ ಬಳಿ ೧೯೬೨ರಲ್ಲಿ ಸೈನ್ಯದ ರಾಸಾಯನಿಕ ಕಾರ್ಖಾನೆಯ ಹೊಲಸು ನೀರನ್ನು ೩೬೭೧ ಮೀಟರ್ ಆಳದ ಬಾವಿಗೆ ಒತ್ತಿ ಇಳಿಸತೊಡಗಿದರು. ಕೆಲವೇ ವಾರಗಳಲ್ಲಿ ಸಣ್ಣ ಭೂಕಂಪಗಳು ಎದ್ದವು. ೧೯೬೬ರಲ್ಲಿ ಒತ್ತುವದನ್ನು ನಿಲ್ಲಿಸಿದರೂ ಒತ್ತಡವು ಒಳಗೊಳಗೇ ಹರಡುತ್ತ ಹೋಗಿ, ಅಲ್ಲಿಯ ದೊಡ್ಡ ಕಂಪಗಳು ೧೯೬೭ರಲ್ಲಿ ಬಂದವು. ಮುಂದೆ ೧೯೬೯ರಿಂದ ೧೯೭೩ರ ವರೆಗೆ ಅದೇ ಸೀಮೆಯ ರೇಂಜ್ಲಿ ಎಂಬಲ್ಲಿಯ ಎಣ್ಣೆಯ ಕ್ಷೇತ್ರದಲ್ಲಿ ವಿಜ್ಞಾನಿಗಳು ಬೇಕೆಂದೇ ನೀರಿನ ಒತ್ತಡವನ್ನು ಏರಿಸಿದರು, ಇಳಿಸಿದರು. ಏರಿಸಿದಾಗ ಸಣ್ಣ ಕಂಪಗಳು ಹೆಚ್ಚಾದವು, ಇಳಿಸಿದಾಗ ಕಡಿಮೆಯಾದವು. ಕೊಯ್ನೆಯಲ್ಲಿ ಐದು ವರ್ಷ ಹಿಡಿದ ಗುಟ್ಟೂ ಇದರಿಂದ ಸ್ವಲ್ಪ ತಿಳಿಯುವದು. ಕಬ್ಬಿನ ಸಾಲಿನ ತಲೆಗೆ ಬಿಟ್ಟ ನೀರು ಬುಡಕ್ಕೆ ಮುಟ್ಟಲು ಹೊತ್ತು ಬೇಕು. ಕಲ್ಲಿನ ಸಂದಿಯಲ್ಲಿ ಅದಕ್ಕೆ ತಿಂಗಳುಗಳೂ ವರ್ಷಗಳೂ ಬೇಕಾಗುವವು.

ಇರಲಿ. ಆದರೆ ಐದಾರು ಕಿಲೋಮೀಟರ್ ಆಳದ ಸಂದಿಯಲ್ಲಿ ನೀರಿದೆಯೋ ಇಲ್ಲವೋ, ಅದರ ಒತ್ತಡವು ಏರಿದೆಯೋ ಇಳಿದಿದೆಯೋ ಎಂಬುದನ್ನು ಅರಿಯುವ ಬಗೆ ಹೇಗೆ? ಈ ಕೆಲಸಕ್ಕೆ ಒದಗಿದವರು, ನಮ್ಮ ಅವ್ವ ಹೇಳಿದ ಆ ಒಂದೇ ಮನೆಯ ಇಬ್ಬರೇ.

ಚಿಕ್ಕಂದಿನಲ್ಲಿ ನಾವು ಹೊಳೆಯಲ್ಲಿ ಮುಳುಗಿ ಎರಡು ಕಲ್ಲುಗಳನ್ನು ಬಡಿಯುವ ಆಟ ಆಡುತ್ತಿದ್ದೆವು. ಆಚೆ ಮುಳುಗಿದವನಿಗೆ ಆ ಸದ್ದು ಸ್ಪಷ್ಟವಾಗಿ ಕೇಳುವದು. ನೀರಿನೊಳಗೆ ಒತ್ತು ಸಾಗುವದೆಂಬುದಕ್ಕೆ ಇದೇ ಸಾಕ್ಷಿ. ಆದರೆ ಸೀರೆಯನ್ನು ಝಾಡಿಸಿದಂತೆ ನೀರಿನ ಒಡಲನ್ನು ಅಡ್ಡಡ್ಡಲಾಗಿ ಝಾಡಿಸಿ ಅಲೆಯನ್ನು ಸಾಗಿಸಲು ಬಾರದು. ನೀರು ಅಡ್ಡ ಎಳೆತಕ್ಕೆ ಎದುರುನಿಲ್ಲದೆ ಜಾರಿಬಿಡುವದು. ಒತ್ತಲೆಗೆ ನೀರಿನಲ್ಲಿ ದಾರಿಯುಂಟು, ಅಡ್ಡಲೆಗೆ ಇಲ್ಲ. ಕಾರಣ, ಕಲ್ಲಿನ ಬಿರುಕುಗಳಲ್ಲಿ ನೀರು ತುಂಬಿ, ಒತ್ತಡದಿಂದ ಆ ಬಿರುಕುಗಳು ಬಾಯ್ದೆರೆದಿದ್ದರೆ ಒತ್ತಲೆಯ ಓಟವು ತುಸು ಕುಂದುವದು, ಅಡ್ಡಲೆಯ ಓಟವು ಬಹಳ ಕುಂದುವದು. ಸಾಮಾನ್ಯವಾದ ಗಟ್ಟಿ ಕಲ್ಲಿನಲ್ಲಿ ಒತ್ತಲೆಯ ವೇಗವು ಅಡ್ಡಲೆಯ ೧.೭೩ ಪಟ್ಟಿನ ಆಸುಪಾಸಿನಲ್ಲಿರುವದು. ಈ ಪ್ರಮಾಣವು ಒಂದು ಎಡೆಯಲ್ಲಿ ಏರಿ ಕಂಡರೆ, ಅಲ್ಲಿ ನೀರುತುಂಬಿದ ಬಿರುಕುಗಳಿರಬಹುದೆಂದು ಊಹಿಸುವರು. ಬಿರುಕುಗಳಲ್ಲಿ ನೀರಿನ ಬದಲು ಗಾಳಿ ಅಥವಾ ಆವಿ ಇದ್ದರೆ ಪ್ರಮಾಣವು ಇಳಿಯುವದು. ಸಂತೆಯಲ್ಲಿ ಗಡಿಗೆಯನ್ನು ಬೆರಳಿನಿಂದ ಬಡಿದು ಅದರ ಸೀಳನ್ನು ಅರಿಯುವ ಗೃಹಿಣಿಗೆ ಈ ವಿದ್ಯೆಯು ಹೊಸದೆನಿಸದು.

ಒಂದು ಅಲೆಯಿಂದ ಒಂದೇ ದಾರಿಯ ಸುದ್ದಿ ತಿಳಿಯುವದು. ನೂರಾರು ಸಣ್ಣ ಕಂಪಗಳ ಅಲೆಗಳನ್ನು ಹತ್ತಾರು ಕಡೆಯ ಭೂಕಂಪಮಾಪಕಗಳಲ್ಲಿ ಬರೆದುಕೊಂಡು, ಅಡ್ಡದಿಡ್ಡಿಯಾದ ಆ ದಾರಿಗಳನ್ನೆಲ್ಲ ಗಣಿತದಿಂದ ಹೊಂದಿಸಿದಾಗ, ಆಸ್ಪತ್ರೆಯಲ್ಲಿ ತಲೆಯ ಒಳಭಾಗವನ್ನು ಸಿ.ಟಿ. ಚಿತ್ರದಲ್ಲಿ ನೋಡುವಂತೆ ನೆಲದ ಒಳಭಾಗದ ಚಿತ್ರವು ಮೂಡುವದು. ಇನ್ನೊಂದು ಬಗೆಯೂ ಉಂಟು. ಕಡಲಿನ ತೆರೆಗಳ ಬಡಿತದಿಂದ ನೆಲವು ಹಗಲಿರುಳು ಅತಿಸಣ್ಣಗೆ ಗುಂಯ್‌ಗುಡುತ್ತಲೇ ಇರುವದು. ಆ ಗುಂಯ್‌ಕಾರವನ್ನು ದಿನದಿಂದ ದಿನಕ್ಕೆ ಹೋಲಿಸಿ, ಅಲೆಯ ವೇಗದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಕಂಡುಹಿಡಿಯುವರು. ಜಪಾನದಲ್ಲಿ ೨೦೧೧ರ ಮಾರ್ಚ್ ೧೧ರ ಮಹಾಭೂಕಂಪದ ಅಲೆಗಳು ಹಾದುಹೋದ ಬಳಿಕ, ಫೂಜಿ ಪರ್ವತವೂ ಸೇರಿ ಜ್ವಾಲಾಮುಖಿಗಳ ಕೆಳಗೆ ಈ ವೇಗವು ಹೆಚ್ಚಾಗಿ ಕುಗ್ಗಿತೆಂದೂ, ಒತ್ತಡದಲ್ಲಿರುವ ದ್ರವವು ಅಲ್ಲಿದ್ದುದೇ ಅದಕ್ಕೆ ಕಾರಣವೆಂದೂ ೨೦೧೪ರಲ್ಲಿ ವಿದ್ವಾಂಸರು ತೋರಿಸಿಕೊಟ್ಟರು.

ನಮ್ಮ ನೆರೆಯ ಕೊಯ್ನೆಯು ಈ ಬಗೆಯ ಅಭ್ಯಾಸಕ್ಕೆ ಜಗತ್ತಿನಲ್ಲಿಯೇ ಹೆಸರಾದ ಕ್ಷೇತ್ರವಾಗಿರುವದು. ೧೯೮೫ರಲ್ಲಿ ತುಂಬತೊಡಗಿದ ವಾರಣೆಯ ಜಲಾಶಯವನ್ನೂ ಕೂಡಿಸಿಕೊಂಡು, ಸುಮಾರು ೨೦ ಕಿಲೋಮೀಟರ್ ಅಗಲ, ೩೦ ಕಿಲೋಮೀಟರ್ ಉದ್ದದ ಒಂದು ತುಂಡು ನೆಲದಲ್ಲಿ ೫ಕ್ಕೆ ಮೇಲ್ಪಟ್ಟ ಪ್ರಮಾಣದ ೨೦ಕ್ಕೂ ಹೆಚ್ಚು ಕಂಪಗಳು ಆಗಿಹೋಗಿವೆ. ಮಳೆಗಾಲದಲ್ಲಿ ಕೆರೆಯು ತುಂಬಿದ ಮೇಲೆ ಒಮ್ಮೆ, ನೀರು ಇಳಿಯತೊಡಗಿದ ಮೇಲೆ ಮತ್ತೊಮ್ಮೆ ಕಂಪಗಳು ಹೆಚ್ಚಾಗುವವು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ಹರ್ಷ ಗುಪ್ತಾ ಮೊದಲಾದವರು ದಶಕಗಳ ಕಾಲ ಇದನ್ನು ಲೆಕ್ಕವಿಟ್ಟು ನೋಡಿರುವರು. ೧೯೯೦ರ ದಶಕದ ಮಧ್ಯದಿಂದ ಆ ಸುತ್ತಿನ ೨೧ ಕೊಳವೆಬಾವಿಗಳ ನೀರಿನ ಮಟ್ಟವನ್ನು ಅಳೆಯುತ್ತ ಬಂದು, ಕಂಪದ ಹೊತ್ತಿಗೆ ಅದು ಕೆಲವು ಸೆಂಟಿಮೀಟರ್ ಏರಿಳಿದುದನ್ನೂ ಕಂಡಿರುವರು. ಗೋಠಣೆ ಎಂಬಲ್ಲಿ ೨೦೧೭ರಲ್ಲಿ ೩ ಕಿಲೋಮೀಟರ್ ಆಳದ ಕೊಳವೆಯನ್ನು ಕೊರೆದು ಮುಗಿಸಿದರು. ನಮ್ಮ ಕಡೆಯ ಕರಿಕಲ್ಲು ಅಲ್ಲಿ ಸುಮಾರು ಒಂದೂಕಾಲು ಕಿಲೋಮೀಟರಿಗೆ ಮುಗಿದು, ಅದರ ಕೆಳಗೆ ಅತಿ ಹಳೆಯ ಗ್ರಾನೈಟದ ಜಾತಿಯ ಕಲ್ಲು ಹತ್ತಿತು. ಇದರ ಅಭ್ಯಾಸಕ್ಕಾಗಿ ಕೇಂದ್ರ ಸರಕಾರದ ಒಂದು ಸಂಶೋಧನಾಲಯವೇ ಕರಾಡದಲ್ಲಿರುವದು. ನೆಲದ ಮೇಲಿನ ಗಾಡಿ, ಗಾಳಿ, ಜನರ ಗದ್ದಲವು ಅಡ್ಡಬಾರದಂತೆ ಭೂಕಂಪಮಾಪಕಗಳನ್ನೂ ಕೊಳವೆಯ ಆಳಕ್ಕೆ ಇಳಿಸಿರುವರು. ರೋಗಿಯ ಎದೆಗೆ ಕಿವಿಗೊಟ್ಟ ವೈದ್ಯನು ಸುತ್ತಲಿನವರನ್ನು ಸುಮ್ಮನಿರಿಸುವಂತೆಯೇ ಇದು.

ಇಷ್ಟೆಲ್ಲ ಓದಿದ ಬಳಿಕ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಲೇಬೇಕು. ಅಲೆಗಳು ಕೊಡುವದು ಸುಳಿವು, ತೀರ್ಪಲ್ಲ. ಕಲ್ಲಿನ ಜಾತಿಯು ಬೇರೆಯಾದರೂ ವೇಗದ ಪ್ರಮಾಣವು ಬದಲಾಗುವದು. ಬಿರುಕಿನ ರೂಪವು ಬೇರೆಯಾದರೂ ಬದಲಾಗುವದು. ೧೯೯೫ರ ಕೋಬೆಯ ಭೂಕಂಪದ ಮೂಲದಲ್ಲಿಯೂ, ನಮ್ಮ ದೇಶದ ೨೦೦೧ರ ಭುಜದ ಭೂಕಂಪದ ಮೂಲದಲ್ಲಿಯೂ ಇದೇ ಬಗೆಯಿಂದ ನೀರಿನ ಸುಳಿವನ್ನು ಕಂಡ ವಿದ್ವಾಂಸರು ತಮ್ಮ ಪ್ರಬಂಧಗಳ ತಲೆಬರಹಕ್ಕೆ ಪ್ರಶ್ನೆಯ ಚಿಹ್ನೆಯನ್ನು ಹಚ್ಚಿದರು. ಆ ಒಂದು ಚಿಹ್ನೆಯನ್ನು ಕಂಡು ನನಗೆ ಅವರಲ್ಲಿ ಗೌರವವು ಹೆಚ್ಚಿತು. ಇಂಥ ದಿನ, ಇಂಥ ಹೊತ್ತಿಗೆ ದೊಡ್ಡ ಭೂಕಂಪವಾಗುವದೆಂದು ಯಾರಾದರೂ ಸಾರಿದರೆ, ಆ ಸುದ್ದಿಯನ್ನು ಮುಂದಕ್ಕೆ ಸಾಗಿಸದೆ ಅಲ್ಲಿಯೇ ನಿಲ್ಲಿಸುವದು ನಮ್ಮೆಲ್ಲರ ಕರ್ತವ್ಯವು. ೨೦೨೧ರಲ್ಲಿ ಕಲಬುರಗಿ ಜಿಲ್ಲೆಯ ಗಡಿಕೇಶ್ವರದಲ್ಲಿ ಮೇಲಿಂದ ಮೇಲೆ ಸಣ್ಣ ಕಂಪಗಳಾಗಿ ಜನರು ಮನೆಯ ಹೊರಗೆ ಮಲಗಿದುದನ್ನು ಕೇಳಿರುವೆವು. ಇಂಥ ಕಾಲದಲ್ಲಿ ಅಂಜಿದವರಿಗೆ ಬೇಕಾದುದು ನಿಜವಾದ ಮಾತು.

ಇಷ್ಟರ ಮೇಲಿಂದ ಅವ್ವನ ಪ್ರಶ್ನೆಗೆ ಉತ್ತರವನ್ನು ಹೀಗೆ ಹೇಳಬಹುದೆಂದು ತೋರುವದು. ಹೌದವ್ವಾ, ನೀರು ಅದೇ. ಆದರೆ ನಡುಕವನ್ನು ಹುಟ್ಟಿಸಿದ್ದು ಅದಲ್ಲ. ಜಾರಲು ಬಲವು ಕೂಡಿಬಿದ್ದು ಕಚ್ಚಿಕೊಂಡಿದ್ದ ಕಲ್ಲಿನ ಸಂದಿಗೆ ಅದು ಇಳಿಯಿತು, ಹಿಡಿತವನ್ನು ಸಡಿಲಿಸಿತು. ಕಬ್ಬನ್ನು ಬೆಳೆಸುವದೂ ಅದರ ಗುಣ, ಸಂದಿಗೆ ಇಳಿಯುವದೂ ಅದರ ಗುಣ. ಆ ಗುಣವನ್ನು ಅರಿತು ನಡೆಯುವದು ನಮ್ಮ ಪಾಲಿನ ಕೆಲಸ. ಇನ್ನು ನೀನು ನನ್ನನ್ನು ಮರೆತ ಮಾತು. ಕೂಸು ಮೊಲೆಯಲ್ಲಿತ್ತು, ನಾನು ಕತ್ತಲೆಯಲ್ಲಿದ್ದೆನು. ಮುಂದೆ ಓಡಿ ಬಂದ ಅಲೆಯ ಸದ್ದಿಗೆ ಎದ್ದು, ಹಿಂದಿನದು ಬರುವದರೊಳಗೆ ನೀನು ಮರಳಿ ಆ ಮಾಡಿನ ಕೆಳಗೆ ಬಂದೆ. ಮರಳಿ ಬರುವಾಗ ನಿನಗೆ ಎಷ್ಟು ಹೊತ್ತು ಉಳಿದಿದೆಯೆಂಬುದು ಗೊತ್ತಿರಲಿಲ್ಲ. ಲೆಕ್ಕವು ನನಗೆ ಗೊತ್ತು, ನಿನಗೆ ಗೊತ್ತಿರಲಿಲ್ಲ. ಆ ಕಾರಣದಿಂದ ನಿನ್ನ ಧೈರ್ಯವು ನೆಂಟರು ಹೊಗಳಿದ್ದಕ್ಕಿಂತ ಹೆಚ್ಚಿನದು.

ಕಳೆದ ತಿಂಗಳು ನಮ್ಮ ಮಗನು ಮೊಮ್ಮಗನ ಹಾಸಿಗೆಯ ಮೇಲ್ಗಡೆಯ ಗೋಡೆಗೆ ಹೊಸ ಹಲಗೆಯನ್ನು ಹೊಡೆಸಿ, ಅದರ ಮೇಲೆ ದಪ್ಪ ದಪ್ಪ ಪುಸ್ತಕಗಳನ್ನೂ ಗಾಜಿನ ಸಾಮಾನುಗಳನ್ನೂ ಹೊಂದಿಸಿದ್ದನು. ನಾನು ಏನನ್ನೂ ಹೇಳದೆ ದೇವರ ಕೋಣೆಯಿಂದ ಕೊಡವನ್ನು ತಂದು ಅವನ ಮುಂದಿಟ್ಟೆನು. ಅವನು ಕಥೆಯನ್ನು ಬಲ್ಲವನು. ಸಂಜೆಯೊಳಗಾಗಿ ಹಲಗೆಯು ಎದುರಿನ ಗೋಡೆಗೆ ಹೋಯಿತು. ೧೯೯೩ರ ಸಪ್ಟೆಂಬರ್ ೩೦ರ ಬೆಳಗಿನ ಜಾವದಲ್ಲಿ ಕಿಲ್ಲಾರಿಯ ಭಾಗದಲ್ಲಿ ಸುಮಾರು ಹತ್ತು ಸಾವಿರ ಜನರು ಸತ್ತುದು ಬಹುಮಟ್ಟಿಗೆ ಮಣ್ಣಿನಲ್ಲಿ ಕಟ್ಟಿದ ಭಾರದ ಕಲ್ಲುಗೋಡೆಗಳ ಕೆಳಗೆ ಎಂಬುದನ್ನು ನೆನೆದರೆ, ಮಲಗುವವರ ತಲೆಯ ಮೇಲೆ ಭಾರವನ್ನು ಇಡದಿರುವದು ಸಣ್ಣ ಮಾತಲ್ಲ. ಇದಕ್ಕೆ ಯಾವ ಯಂತ್ರವೂ ಬೇಡ; ವಾಚಕರು ಈ ಹೊತ್ತೇ ಎದ್ದು ತಮ್ಮ ಮಕ್ಕಳ ಹಾಸಿಗೆಯ ಮೇಲೆ ಏನಿದೆಯೆಂದು ನೋಡಬಹುದು.

ಕೊಡವನ್ನು ಮೊಮ್ಮಗನು ಅಂದು ಬೆರಳಿನಿಂದ ಬಡಿದು ನೋಡಿದನು. ತಗ್ಗಿಲ್ಲದ ಕಡೆಗೆ ಒಂದು ದನಿ, ತಗ್ಗಿನ ಕಡೆಗೆ ಇನ್ನೊಂದು ದನಿ. "ಅಜ್ಜಾ, ಇದು ಯಾಕ ಬ್ಯಾರೆ ಕೇಳತೈತಿ?" ಎಂದು ಕೇಳಿದನು. ಅವನನ್ನು ಹತ್ತಿರ ಕೂರಿಸಿಕೊಂಡು ಮೊದಲಿನಿಂದ ಹೇಳತೊಡಗಿದೆನು. ಈ ಸಲ ಕಥೆಯನ್ನು ಅವ್ವನು ಅಥಣಿಯಲ್ಲಿ ಹೇಳಿದಂತೆಯೇ ಹೇಳಿದೆನು.